ಸಕ್ಕರೆ ಕರಗುವವರೆಗೆ

ಉರ್ದುವಿನಲ್ಲಿ 'ಕಲ್' ಎಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. 'ಪರಸೋಂ' ಎಂದರೆ ಮೊನ್ನೆಯೂ ಆದೀತು, ನಾಡಿದ್ದೂ ಆದೀತು. ಯಾವುದೆಂದು ತೀರ್ಮಾನಿಸುವುದು ವಾಕ್ಯದ ಕೊನೆಯಲ್ಲಿ ಬರುವ ಕ್ರಿಯಾಪದ. ಕನ್ನಡದಲ್ಲಿ ಇಂಥ ಗೊಂದಲವಿಲ್ಲ. ನಿನ್ನೆ ನಿನ್ನೆಯೇ, ನಾಳೆ ನಾಳೆಯೇ. ಆದರೆ ಕನ್ನಡಕ್ಕೂ ಅದರದೇ ಆದ ಒಂದು ಚಮತ್ಕಾರವಿದೆ. 'ಹೊತ್ತು' ಎಂದರೆ ಸಮಯ. ಹೊತ್ತು ಎಂದರೆ ಸೂರ್ಯನೂ ಹೌದು, ಅದು ಹುಟ್ಟುತ್ತದೆ, ಮುಳುಗುತ್ತದೆ. ಅದೇ ಉಚ್ಚಾರದಲ್ಲಿ ತಲೆಯ ಮೇಲೆ ಮೂಟೆಯನ್ನು ಹೊತ್ತು ನಡೆಯಲೂಬಹುದು. ಇವೆಲ್ಲ ಬೇರೆ ಬೇರೆ ಪದಗಳು ಎಂದು ಪಂಡಿತರು ಹೇಳಿಯಾರು, ಇರಲಿ. ಕಾಲವೆಂಬುದು ಹಾರುವ, ಹರಿಯುವ ವಸ್ತು ಮಾತ್ರವಲ್ಲ, ಹೊರಬೇಕಾದ ವಸ್ತುವೂ ಹೌದು ಎಂದು ಅನ್ನಿಸುವುದಕ್ಕೆ, ಎರಡು ಭಾಷೆಗಳ ನಡುವೆ ಶಾಲೆ ಕಲಿತ ನಮ್ಮಂಥವರಿಗೆ ಆ ಒಂದು ಶಬ್ದ ಸಾಕು.

ನಮ್ಮ ಕವಿಗಳು ಮಾತ್ರ ಹೆಚ್ಚಾಗಿ ಹಾರುವುದನ್ನೂ ಹರಿಯುವುದನ್ನೂ ಕಂಡಿದ್ದಾರೆ. ಬೇಂದ್ರೆಯವರ ಕಾಲ ಹಕ್ಕಿಯಾಗಿ ಹಾರಿತು. 1932ರ 'ಗರಿ' ಸಂಕಲನದ ಆ ಹಕ್ಕಿ ರಾಜ್ಯ ಸಾಮ್ರಾಜ್ಯಗಳ ಮೇಲೆ ಹಾರುತ್ತದೆ. ನೋಡಿದಿರಾ ಎಂದು ಕವಿ ನಮ್ಮನ್ನು ಕೇಳುತ್ತಾರೆ. ಉರ್ದು ಕವಿಗಳಿಗೆ ಕಾಲವೆಂದರೆ ನದಿ, ಕತ್ತಿ, ಇಲ್ಲವೇ ದಿನರಾತ್ರಿಗಳ ಸರಪಳಿ. ಈ ಚಿತ್ರಗಳಲ್ಲೆಲ್ಲ ಕಾಲ ಚಲಿಸುತ್ತದೆ, ಮನುಷ್ಯ ನಿಂತು ನೋಡುತ್ತಾನೆ ಅಥವಾ ಅದರ ಜೊತೆಗೆ ಸೆಣಸುತ್ತಾನೆ. ಕಾಲ ಚಲಿಸದೆ ಎದುರಿಗೆ ಕುಳಿತೇ ಇರುವ ಅನುಭವ ಏನಾಯಿತು? ಕಾಯುವವರ ಕಾಲಕ್ಕೆ ಸಾಹಿತ್ಯದಲ್ಲಿ ಎಷ್ಟು ಜಾಗವಿದೆ? ಈ ಲೇಖನದಲ್ಲಿ ನಾವು ಕೇಳಹೊರಟಿರುವುದು ಇಷ್ಟನ್ನೇ.

ತತ್ವಜ್ಞಾನದಲ್ಲಿ ಕಾಯುವಿಕೆಗೆ ಒಮ್ಮೆ ಗೌರವದ ಸ್ಥಾನ ಸಿಕ್ಕಿತ್ತು. ಫ್ರಾನ್ಸಿನ ದಾರ್ಶನಿಕ ಹೆನ್ರಿ ಬರ್ಗ್‌ಸನ್ 1907ರ ತನ್ನ ಗ್ರಂಥದಲ್ಲಿ ಒಂದು ಲೋಟ ನೀರಿನ ಉದಾಹರಣೆ ಕೊಡುತ್ತಾನೆ. ಸಕ್ಕರೆ ನೀರು ಬೇಕೆಂದರೆ, ನಾನು ಏನೇ ಮಾಡಿದರೂ ಸಕ್ಕರೆ ಕರಗುವವರೆಗೆ ಕಾಯಲೇಬೇಕು ಎಂಬುದು ಅವನ ಮಾತಿನ ತಾತ್ಪರ್ಯ. ವಿಜ್ಞಾನಿ ಆ ಕಾಲವನ್ನು ಇಷ್ಟು ಸೆಕೆಂಡು ಎಂದು ಬರೆದು ಮುಂದೆ ಹೋಗಬಹುದು. ಲೋಟದ ಮುಂದೆ ಕುಳಿತವನಿಗೆ ಅದು ಸೆಕೆಂಡುಗಳ ಲೆಕ್ಕವಲ್ಲ, ಅವನ ಅಸಹನೆಯೇ ಅದರ ಅಳತೆ. ಅದನ್ನು ಹಿಗ್ಗಿಸಲೂ ಆಗದು, ಕುಗ್ಗಿಸಲೂ ಆಗದು. ಗಡಿಯಾರ ತೋರಿಸುವುದು ಕಾಲವನ್ನಲ್ಲ, ಕಾಲವನ್ನು ಜಾಗದಂತೆ ಗೆರೆ ಎಳೆದು ತುಂಡು ಮಾಡಿದ್ದನ್ನು ಎಂಬುದು ಬರ್ಗ್‌ಸನ್ನನ ವಾದ. 1922ರ ಏಪ್ರಿಲ್ 6ರಂದು ಪ್ಯಾರಿಸ್ಸಿನಲ್ಲಿ ಐನ್‌ಸ್ಟೈನ್ ಅವನ ಎದುರಿಗೇ, ತತ್ವಜ್ಞಾನಿಗಳ ಕಾಲ ಎಂಬುದೊಂದು ಇಲ್ಲವೆಂದು ಹೇಳಿಬಿಟ್ಟರು. ಭೌತವಿಜ್ಞಾನದ ಅಂಗಳದಲ್ಲಿ ಬರ್ಗ್‌ಸನ್ ಸೋತ ಎಂದು ಆಗ ಬಹಳ ಜನ ಭಾವಿಸಿದರು. ಸ್ವಲ್ಪ ವರ್ಷಗಳ ನಂತರ ಅವನಿಗೆ ನೊಬೆಲ್ ಬಹುಮಾನ ಬಂದದ್ದು ಸಾಹಿತ್ಯಕ್ಕೆ, 1927ರ ಸಾಲಿನದು. ಅದೂ ಸರಿಯೇ. ಸಕ್ಕರೆ ಕರಗುವವರೆಗಿನ ಕಾಲದ ವಾರಸುದಾರರು ಕತೆ ಬರೆಯುವವರೇ ತಾನೆ?

ಈ ಲೋಟವನ್ನು ನಮ್ಮ ಮನೆಗೆ ತಂದರೆ ಅದು ಇಫ್ತಾರಿನ ಶರಬತ್ತಿನ ಲೋಟವಾಗುತ್ತದೆ. ಚಾಂದ್ರಮಾನದ ವರ್ಷ ಸೌರಮಾನಕ್ಕಿಂತ ಸುಮಾರು 11 ದಿನ ಚಿಕ್ಕದು. ಹಾಗಾಗಿ ರಮಝಾನ್ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ನಲವತ್ತು ದಾಟಿದವರು ಬೇಸಿಗೆಯ ಉಪವಾಸವನ್ನೂ ಕಂಡಿರುತ್ತಾರೆ, ಮಳೆಗಾಲದ ಉಪವಾಸವನ್ನೂ ಕಂಡಿರುತ್ತಾರೆ. ಋತು ಯಾವುದೇ ಇರಲಿ, ಮಗ್ರಿಬ್‌ಗೆ ಮುಂಚಿನ ಕೊನೆಯ ಅರ್ಧ ಗಂಟೆ ಇಡೀ ದಿನಕ್ಕಿಂತ ಉದ್ದ. ಅದು ಯಾರಿಗೆ ಉದ್ದ? ಖರ್ಜೂರವನ್ನು ಮುಂದಿಟ್ಟುಕೊಂಡು ಸುಫ್ರಾದ ಸುತ್ತ ಕುಳಿತವರಿಗೆ. ಒಳಗೆ ಸಮೋಸ ಕರಿಯುತ್ತಿರುವ ಹೆಂಗಸಿಗೆ ಅದೇ ಅರ್ಧ ಗಂಟೆ ಸಾಲದಾಗಿರುತ್ತದೆ. ಅವಳದೂ ಉಪವಾಸವೇ. ಒಂದೇ ಸೂರಿನ ಕೆಳಗೆ, ಒಂದೇ ಅಜಾನಿಗೆ ಕಿವಿಗೊಟ್ಟು, ಎರಡು ಕಾಲಗಳು ನಡೆಯುತ್ತಿರುತ್ತವೆ. ಬರ್ಗ್‌ಸನ್ನನ ಲೋಟದ ಮುಂದೆ ಒಬ್ಬನೇ ಕುಳಿತಿದ್ದ. ಆ ಸಕ್ಕರೆ ಹಾಕಿದವನೂ ಅವನೇ, ಕುಡಿಯುವವನೂ ಅವನೇ. ಬೇಡವೆಂದರೆ ಎದ್ದು ಹೋಗಬಹುದಿತ್ತು.

ಇನ್ನೊಂದು ಸಂಗತಿಯಿದೆ. ಅಮೆರಿಕದ ವಿಲಿಯಂ ಜೇಮ್ಸ್ ತನ್ನ 1890ರ ಮನಶ್ಶಾಸ್ತ್ರದ ಗ್ರಂಥದಲ್ಲಿ ಇದನ್ನು ಗುರುತಿಸಿದ್ದಾನೆ. ಅನುಭವಗಳಿಂದ ತುಂಬಿದ ದಿನ ಕಳೆಯುವಾಗ ಚಿಕ್ಕದು, ನೆನೆಯುವಾಗ ದೊಡ್ಡದು. ಖಾಲಿ ದಿನ ಕಳೆಯುವಾಗ ದೊಡ್ಡದು, ನೆನೆಯುವಾಗ ಚಿಕ್ಕದು. ಹತ್ತು ದಿನದ ಪ್ರವಾಸವನ್ನು ಜನ ಹತ್ತು ವರ್ಷ ಹೇಳುತ್ತಾರೆ. ಆಸ್ಪತ್ರೆಯ ಬೆಂಚಿನ ಮೇಲೆ ಕಳೆದ ಹತ್ತು ದಿನದ ಬಗ್ಗೆ ಹೇಳುವುದಕ್ಕೆ ಏನೂ ಉಳಿದಿರುವುದಿಲ್ಲ. ಕತೆಗಾರರಾದ ನಮ್ಮನ್ನು ಈ ಮಾತು ಕಾಡುತ್ತದೆ. ಕಾಯುವವರಿಗೆ ಇದರಿಂದ ಎರಡು ಬಗೆಯ ನಷ್ಟವಾಯಿತು. ಬದುಕುವಾಗ ಕಾಲ ಬೆಟ್ಟದಷ್ಟು, ಹೇಳಹೊರಟರೆ ಸಾಸಿವೆಯಷ್ಟು. 'ಹೀಗೆ ಎಂಟು ವರ್ಷಗಳು ಉರುಳಿದವು' ಎಂದು ನಮ್ಮ ಕತೆಗಳಲ್ಲಿ ಎಷ್ಟು ಸಲ ಬರೆದಿಲ್ಲ! ಆ ಎಂಟು ವರ್ಷಗಳು ಯಾರ ಮೇಲೆ ಉರುಳಿದವು ಎಂದು ವಿಚಾರಿಸುವವರು ಕಡಿಮೆ.

ಈಗ ಇಕ್ಬಾಲರ ಕಡೆಗೆ ಬರೋಣ. ಉರ್ದುವಿನಲ್ಲಿ ಕಾಲದ ಬಗ್ಗೆ ಅವರಷ್ಟು ತೀವ್ರವಾಗಿ ಚಿಂತಿಸಿದ ಕವಿ ಇನ್ನೊಬ್ಬರಿಲ್ಲ. ಬರ್ಗ್‌ಸನ್ನನನ್ನು ಅವರು ಓದಿದ್ದರು, ಪ್ಯಾರಿಸ್ಸಿನಲ್ಲಿ ಅವನನ್ನು ಭೇಟಿಯಾದರು. ಕಾಲವನ್ನು ನಿಂದಿಸಬೇಡಿ, ಕಾಲವೆಂದರೆ ದೇವನೇ ಎಂಬ ಅರ್ಥದ ಹದೀಸನ್ನು ಕೇಳಿ ಆ ವೃದ್ಧ ದಾರ್ಶನಿಕ ಬೆರಗಾದನೆಂಬ ಕತೆ ನಮ್ಮಲ್ಲಿ ಬಹಳ ಪ್ರಚಾರದಲ್ಲಿದೆ. ಮದ್ರಾಸಿನಲ್ಲಿ ಉಪನ್ಯಾಸ ಕೊಟ್ಟು 1929ರ ಜನವರಿಯಲ್ಲಿ ಇಕ್ಬಾಲ್ ಬೆಂಗಳೂರು, ಮೈಸೂರುಗಳಿಗೆ ಬಂದರು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಗೋರಿಯನ್ನು ಸಂದರ್ಶಿಸಿದರು. 1930ರಲ್ಲಿ ಗ್ರಂಥವಾಗಿ ಬಂದ ಆ ಉಪನ್ಯಾಸಗಳಲ್ಲಿ ಅವರು ಬರ್ಗ್‌ಸನ್ನನ ಅಖಂಡ ಕಾಲವನ್ನು ಒಪ್ಪುತ್ತಾರೆ, ಆದರೆ ಅದಕ್ಕೆ ಗುರಿಯಿಲ್ಲವಲ್ಲ ಎಂದು ಆಕ್ಷೇಪಿಸುತ್ತಾರೆ. ಗುರಿಯಿಲ್ಲದ ಹರಿವು ಇಕ್ಬಾಲರಿಗೆ ಸಹಿಸದು. 1915ರ 'ಅಸ್ರಾರೆ ಖುದಿ'ಯಲ್ಲಿ ಆಗಲೇ ಅವರು ಕಾಲವನ್ನು ಖಡ್ಗವೆಂದಿದ್ದರು, ಇಮಾಮ್ ಶಾಫಿಯವರದೆಂದು ಹೇಳಲಾಗುವ ಮಾತನ್ನು ಹಿಡಿದು. ಸಕ್ಕರೆಯ ಲೋಟವನ್ನು ಅವರು ಪಕ್ಕಕ್ಕಿಟ್ಟರು, ಖಡ್ಗವನ್ನು ಎತ್ತಿಕೊಂಡರು.

ಶ್ರೀರಂಗಪಟ್ಟಣದ ಫಲವಾಗಿ 1932ರ 'ಜಾವೀದ್ ನಾಮಾ'ದಲ್ಲಿ ಹುತಾತ್ಮ ಸುಲ್ತಾನ ಕಾವೇರಿ ನದಿಗೆ ಸಂದೇಶ ಕಳಿಸುವ ಭಾಗವಿದೆ. ಪಾರಸಿ ಕಾವ್ಯದಲ್ಲಿ ನಮ್ಮ ಕಾವೇರಿ! ಕನ್ನಡಿಗರು ಇದನ್ನು ಇನ್ನಷ್ಟು ಓದಬೇಕು. ನದಿಯೊಂದಿಗೆ ಮಾತಾಡುತ್ತಾ ಸುಲ್ತಾನ ಬದುಕು, ಸಾವು, ಹುತಾತ್ಮತೆಗಳ ನಿಜವೇನೆಂದು ಹೇಳುತ್ತಾನೆ. ನೂರು ವರ್ಷ ಕುರಿಯಾಗಿ ಬಾಳುವುದಕ್ಕಿಂತ ಒಂದು ಗಳಿಗೆ ಸಿಂಹವಾಗಿ ಬಾಳುವುದು ಮೇಲು ಎಂಬ, ಟಿಪ್ಪುವಿನ ಹೆಸರಿನಲ್ಲಿ ಎಲ್ಲರ ಬಾಯಲ್ಲಿರುವ ಮಾತಿಗೂ ಅಲ್ಲಿ ಜಾಗವಿದೆ. ಇದು ಶೌರ್ಯದ ಮಾತು ನಿಜ, ಅದರ ಜೊತೆಗೆ ಕಾಲದ ಅಳತೆಯನ್ನು ಕುರಿತ ಮಾತೂ ಹೌದು. ನೂರು ವರ್ಷ ಒಂದು ಗಳಿಗೆಗೆ ಸಮವಾಗದು. ಗಡಿಯಾರ ಸೋತಿತು, ಬರ್ಗ್‌ಸನ್ ಕೇಳಿದ್ದರೆ ತಲೆದೂಗುತ್ತಿದ್ದ.

ಮಾರನೆಯ ವರ್ಷ, 1933ರಲ್ಲಿ, ಇಕ್ಬಾಲ್ ಸ್ಪೇನಿನ ಕೊರ್ಡೋಬಾ ಮಸೀದಿಯನ್ನು ಕಂಡರು. 785ರಲ್ಲಿ ಮೊದಲನೆಯ ಅಬ್ದುರ್ರಹ್ಮಾನ್ ಕಟ್ಟಿಸಲು ತೊಡಗಿದ ಮಸೀದಿ ಅದು, 1236ರಲ್ಲಿ ಚರ್ಚಾಯಿತು. ಅಲ್ಲಿ ಇಕ್ಬಾಲ್ ನಮಾಜು ಮಾಡಿದರು, ಎಂಟೆಂಟು ದ್ವಿಪದಿಗಳ ಎಂಟು ಭಾಗಗಳ 'ಮಸ್ಜಿದೆ ಕುರ್ತುಬಾ' ಎಂಬ ಕವಿತೆ ಬರೆದರು. 1935ರ 'ಬಾಲೆ ಜಿಬ್ರೀಲ್'ನಲ್ಲಿರುವ ಇದನ್ನು ಉರ್ದುವಿನ ಶ್ರೇಷ್ಠ ಕವಿತೆ ಎನ್ನುವವರಿದ್ದಾರೆ, ನಮಗೆ ತಕರಾರಿಲ್ಲ. ಹಗಲು ರಾತ್ರಿಗಳ ಸರಪಳಿಯಿಂದ ಆರಂಭವಾಗುವ ಕವಿತೆ, ಮನುಷ್ಯ ಮಾಡಿದ್ದೆಲ್ಲ ಅಳಿಯುತ್ತದೆ ಎಂಬಲ್ಲಿಗೆ ಬಂದು, ಅಲ್ಲಿ ಒಂದು ವಿನಾಯಿತಿಯನ್ನು ಹೇಳುತ್ತದೆ. ದೇವರ ಮನುಷ್ಯನೊಬ್ಬ ಪ್ರೇಮದಿಂದ ಪೂರ್ಣಗೊಳಿಸಿದ ಕೃತಿಗೆ ಕಾಲದ ಕೈ ತಾಗದು. ಎದುರಿಗೆ ಕಂಬಗಳ ಕಾಡು ನಿಂತಿದೆ, ಸಾಕ್ಷಿ ಬೇರೆ ಬೇಕಿಲ್ಲ.

ಈ ಕವಿತೆಯನ್ನು ಗಟ್ಟಿಯಾಗಿ ಓದಿದಾಗ ಈಗಲೂ ಮೈ ಜುಮ್ಮೆನ್ನುತ್ತದೆ. ಓದಿ ಮುಗಿಸಿದ ಮೇಲೆ ಮಾತ್ರ ಒಂದು ಸಂಶಯ ಏಳುತ್ತದೆ. ಇಲ್ಲಿ ಕಾಲ ಅಕ್ಕಸಾಲಿಗನಂತೆ ಒರೆಗಲ್ಲನ್ನು ಹಿಡಿದು ಕುಳಿತಿದೆ; ಅದರ ಮುಂದೆ ಬರಬಲ್ಲವರು ಏನನ್ನಾದರೂ ನಿರ್ಮಿಸಿದವರು ಮಾತ್ರ. ಮಸೀದಿ ಕಟ್ಟಿದವರು, ಯುದ್ಧ ಮಾಡಿದವರು, ಕವಿತೆ ಬರೆದವರು. ನಿರ್ಮಿಸುವವರ ಕಾಲ ಅದು. ಸಿಂಹವೂ ಅಲ್ಲದ, ಕುರಿಯೂ ಅಲ್ಲದ, ಸಿಂಹ ಮನೆಗೆ ಬರುವವರೆಗೆ ಬಾಗಿಲಲ್ಲಿ ದೀಪ ಹಿಡಿದು ಕುಳಿತವಳ ಕಾಲವನ್ನು ಯಾವ ಒರೆಗಲ್ಲಿನ ಮೇಲೆ ತಿಕ್ಕುವುದು? ಇಕ್ಬಾಲರ ಭವ್ಯತೆಗೆ ಇದು ಕುಂದಲ್ಲ, ಅವರ ಕಾಣ್ಕೆಯ ಎಲ್ಲೆ ಅಷ್ಟೆ. ಆದರೆ ಅವರನ್ನು ಹಾಡುತ್ತಾ ಬೆಳೆದ ನಮ್ಮ ಸಮಾಜಕ್ಕೆ ಆ ಎಲ್ಲೆ ಕಾಣಲಿಲ್ಲವೆಂಬುದು ಸಣ್ಣ ಸಂಗತಿಯಲ್ಲ.

ಕುರ್ರತುಲೈನ್ ಹೈದರ್ ಅದನ್ನು ಕಂಡವರು. 1959ರಲ್ಲಿ ಪ್ರಕಟವಾದ 'ಆಗ್ ಕಾ ದರಿಯಾ' ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಿಂದ ದೇಶವಿಭಜನೆಯ ನಂತರದವರೆಗೆ ಹರಿಯುವ ಕಾದಂಬರಿ. ಗೌತಮ ನೀಲಾಂಬರ, ಹರಿಶಂಕರ, ಕಮಾಲ್, ಚಂಪಾ ಎಂಬ ಹೆಸರುಗಳು ಯುಗದಿಂದ ಯುಗಕ್ಕೆ ಮತ್ತೆ ಮತ್ತೆ ಹುಟ್ಟುತ್ತವೆ. ಇದು ಪುನರ್ಜನ್ಮವೇ ಎಂದು ಕೇಳಿದವರಿದ್ದಾರೆ; ಕಾದಂಬರಿ ಉತ್ತರ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಎಲ್ಲ ವಿಮರ್ಶಕರೂ ಮೆಚ್ಚುವ ಜಾಗವೊಂದಿದೆ. ಯುದ್ಧದಲ್ಲಿ ಬೆರಳುಗಳನ್ನು ಕಳೆದುಕೊಂಡ ಗೌತಮ ಸರಯೂ ನದಿಯನ್ನು ಈಜುತ್ತಿದ್ದಾನೆ. ಕಲ್ಲನ್ನು ಹಿಡಿಯಲು ಬೆರಳಿಲ್ಲ. ಅಲೆಗಳು ಅವನ ಮೇಲೆ ಹಾದುಹೋಗುತ್ತವೆ. ಮುಂದಿನ ವಾಕ್ಯದಲ್ಲಿ ಅಬುಲ್ ಮನ್ಸೂರ್ ಕಮಾಲುದ್ದೀನ್ ದಡಕ್ಕೆ ಬಂದು ತನ್ನ ಕುದುರೆಯನ್ನು ಆಲದ ಮರದ ಕೆಳಗೆ ಕಟ್ಟುತ್ತಾನೆ. ಎರಡು ವಾಕ್ಯಗಳ ನಡುವೆ ಸಾವಿರದ ಏಳುನೂರಕ್ಕೂ ಹೆಚ್ಚು ವರ್ಷ! ನದಿಯ ಒಂದು ದಡದಲ್ಲಿ ಮೌರ್ಯರ ಕಾಲ, ಇನ್ನೊಂದು ದಡದಲ್ಲಿ ಜೌನ್‌ಪುರದ ಶರ್ಕಿ ಸುಲ್ತಾನರ ಕಾಲ. ಉರ್ದು ಗದ್ಯದಲ್ಲಿ ಇಂಥ ಧೈರ್ಯ ಅದಕ್ಕಿಂತ ಮೊದಲು ಇರಲಿಲ್ಲವೆಂದೇ ನಮ್ಮ ಅಭಿಪ್ರಾಯ.

ಆದರೆ ಈ ಜಿಗಿತಕ್ಕೆ ಚಪ್ಪಾಳೆ ತಟ್ಟಿದವರು ಚಂಪಾಳನ್ನು ಬೇಗ ಮರೆತರು. ಗೌತಮನೂ ಕಮಾಲನೂ ಯುಗದಿಂದ ಯುಗಕ್ಕೆ ನಡೆಯುತ್ತಾರೆ. ದೋಣಿ ಹತ್ತುತ್ತಾರೆ, ಕುದುರೆ ಏರುತ್ತಾರೆ, ಹಡಗಿನಲ್ಲಿ ಹೋಗುತ್ತಾರೆ, ತತ್ವ ಮಾತಾಡುತ್ತಾರೆ. ಚಂಪಾ? ಮೊದಲ ಯುಗದ ಚಂಪಕಳನ್ನು ಯುದ್ಧ ಹೊತ್ತೊಯ್ದು ಮುದುಕ ಅಧಿಕಾರಿಯೊಬ್ಬನ ಅಂತಃಪುರಕ್ಕೆ ಸೇರಿಸುತ್ತದೆ. ಎರಡನೆಯವಳು ಅಯೋಧ್ಯೆಯ ಚಂಪಾವತಿ. ಬರುತ್ತೇನೆಂದು ಹೋದ ಕಮಾಲನಿಗಾಗಿ ಕಾಯುತ್ತಾಳೆ, ಅವನು ಬರುವುದಿಲ್ಲ. ಮೂರನೆಯವಳು ಲಖನೌದ ಗಣಿಕೆ ಚಂಪಾ ಜಾನ್. ಅವಳ ಮುಂದೆ ಒಂದು ಕಾಲಕ್ಕೆ ನವಾಬರು ಕೈಕಟ್ಟಿ ಕುಳಿತಿದ್ದರು. ವರ್ಷಗಳ ನಂತರ ರೈಲು ನಿಲ್ದಾಣದಲ್ಲಿ ಭಿಕ್ಷೆ ಬೇಡುವ ಮುದುಕಿಯಾಗಿ ಅವಳು ಗೌತಮನಿಗೆ ಕಾಣಿಸುತ್ತಾಳೆ. ಆ ಪುಟದಲ್ಲಿ ನಾವು ಪುಸ್ತಕ ಮುಚ್ಚಿಡುತ್ತೇವೆ. ಇವನಿಗೆ ಉದ್ಯೋಗ, ಹೆಸರು, ಸಮಾಜ ಸುಧಾರಣೆಯ ಆಂದೋಲನಗಳೆಲ್ಲ ಆಗಿಹೋದ ಆ ವರ್ಷಗಳಲ್ಲಿ ಅವಳಿಗೆ ಆದದ್ದು ಒಂದೇ, ವಯಸ್ಸು. ವಿಲಿಯಂ ಜೇಮ್ಸನ ಲೆಕ್ಕದ ಎರಡು ಬದಿಗಳೂ ಆ ನಿಲ್ದಾಣದ ಒಂದೇ ಕಟ್ಟೆಯ ಮೇಲೆ ಮುಖಾಮುಖಿಯಾಗುತ್ತವೆ. ಹೈದರ್ ಅವಳ ಕಾಯುವಿಕೆಯನ್ನು ದಿನದಿನವಾಗಿ ಬಣ್ಣಿಸುವುದಿಲ್ಲ. ಅದರ ಮೊತ್ತವನ್ನು ಮಾತ್ರ, ಕಾಲದ ವೇದಾಂತ ಮಾತಾಡುತ್ತಾ ಬಂದ ಗಂಡಸಿನ ಕಣ್ಣೆದುರು ತಂದು ನಿಲ್ಲಿಸುತ್ತಾರೆ. ನಾಲ್ಕನೆಯ ಚಂಪಾ, ಚಂಪಾ ಅಹ್ಮದ್, ಇಂಗ್ಲೆಂಡಿನವರೆಗೆ ಅಲೆದು ಕೊನೆಗೆ ಬನಾರಸಿನ ತನ್ನ ತಂದೆಯ ಮನೆಗೆ ತಾನಾಗಿಯೇ ಹಿಂದಿರುಗುತ್ತಾಳೆ. ಕಮಾಲ್ ಪಾಕಿಸ್ತಾನಕ್ಕೆ ಹೋಗುತ್ತಾನೆ, ಇವಳು ಇಲ್ಲಿ ಉಳಿಯುತ್ತಾಳೆ. ಎರಡೂವರೆ ಸಾವಿರ ವರ್ಷಗಳಲ್ಲಿ ಮೊದಲ ಸಲ ಚಂಪಾ ಯಾರಿಗಾಗಿಯೂ ಕಾಯುತ್ತಿಲ್ಲ. ದೇಶವಿಭಜನೆಯ ಕಾದಂಬರಿ ಎಂದು ಇದನ್ನು ಓದುವವರು ಈ ಸಣ್ಣ ಘಟನೆಯನ್ನು ಗಮನಿಸಿದ್ದು ಕಡಿಮೆ.

ಕನ್ನಡದಲ್ಲಿ ಈ ಎಳೆಯನ್ನು ಹಿಡಿದವರು ಸಾರಾ ಅಬೂಬಕ್ಕರ್. 1980ರ ದಶಕದ ಆರಂಭದಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನು ತಲಾಖಿನ ಕತೆಯೆಂದು ಓದುವ ರೂಢಿಯಾಗಿದೆ. ಪರವಾಗಿ ಬರೆದವರೂ ವಿರೋಧಿಸಿದವರೂ ಅದನ್ನು ಷರೀಅತ್ತಿನ ಅರ್ಜಿಯಂತೆ ಹಿಡಿದು ಜಗ್ಗಿದರು. ನಾವು ಅದನ್ನು ಕಾಲದ ಕತೆಯಾಗಿ ಓದಬಯಸುತ್ತೇವೆ. ಧರ್ಮಶಾಸ್ತ್ರದಲ್ಲಿ ವಿಚ್ಛೇದನಕ್ಕೆ ಕಾಲವೇ ಆಧಾರ. ಇದ್ದತ್ ಎಂದರೆ ಎಣಿಕೆ. ತಲಾಖ್ ಆದವಳಿಗೆ ಮೂರು ಋತುಚಕ್ರ, ಗಂಡ ಸತ್ತವಳಿಗೆ ನಾಲ್ಕು ತಿಂಗಳು ಹತ್ತು ದಿನ. ಮೊದಲನೆಯ ಸಂದರ್ಭದಲ್ಲಿ ಈ ಎಣಿಕೆಯ ಉದ್ದೇಶಗಳಲ್ಲೊಂದು, ಸಿಟ್ಟಿನಲ್ಲಿ ಆಡಿದ ಮಾತನ್ನು ಹಿಂತೆಗೆದುಕೊಳ್ಳಲು ಸಮಯ ಸಿಗಲಿ ಎಂಬುದು. ಒಂದೇ ಉಸಿರಿನಲ್ಲಿ ಮೂರು ಸಲ ಹೇಳಿ ಮುಗಿಸುವ ಪದ್ಧತಿ ನಾಶ ಮಾಡಿದ್ದು ಈ ಸಮಯವನ್ನೇ. 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು ಅದನ್ನು ಅಸಿಂಧುಗೊಳಿಸಿತು, 2019ರಲ್ಲಿ ಕಾಯಿದೆಯೂ ಬಂತು; ಆ ಕಾಯಿದೆಯ ಒಳಿತು ಕೆಡುಕಿನ ಚರ್ಚೆ ಬೇರೆ. ಸಾರಾ ಅವರ ಕಾದಂಬರಿ ಅದಕ್ಕೆ ಮೂರು ದಶಕಗಳಿಗೂ ಹಿಂದಿನದು.

ನಾದಿರಾಳ ಬದುಕಿನಲ್ಲಿ ಅವಳ ಕೈಯಲ್ಲಿರುವ ಗಳಿಗೆ ಒಂದೂ ಇಲ್ಲ. ಮದುವೆ ಯಾವಾಗ ಎಂದು ಅಪ್ಪ ಮಹಮದ್ ಖಾನ್ ತೀರ್ಮಾನಿಸುತ್ತಾನೆ. ಗಂಡನ ಮನೆಯಿಂದ ಯಾವಾಗ ಬರಬೇಕು, ತಲಾಖ್ ಯಾವಾಗ ಆಗಬೇಕು, ಅದೂ ಅವನದೇ ತೀರ್ಮಾನ. ಗಂಡ ರಶೀದ್ ಕೆಟ್ಟವನಲ್ಲ, ಹೆಂಡತಿಯನ್ನು ಬಯಸುತ್ತಾನೆ. ಕೊನೆಗೆ ಎಲ್ಲರಿಗೂ ಅವರನ್ನು ಮತ್ತೆ ಸೇರಿಸುವ ಮನಸ್ಸಾಗುತ್ತದೆ. ಆದರೆ ಅದಕ್ಕೊಂದು ನಿಬಂಧನೆ. ಅವಳು ಇನ್ನೊಬ್ಬನನ್ನು ಮದುವೆಯಾಗಿ ಅವನ ಜೊತೆ ಒಂದು ರಾತ್ರಿ ಕಳೆದು ಬರಬೇಕು. ಒಂದೇ ರಾತ್ರಿಯಲ್ಲವೇ ಎಂದು ಸಮಾಧಾನ ಹೇಳುವುದು ಸುಲಭ. ಬದುಕಿಡೀ ಮುಂದಿದೆಯಲ್ಲ, ಒಂದು ರಾತ್ರಿ ಎಷ್ಟರದು! ಗಡಿಯಾರದ ಲೆಕ್ಕದಲ್ಲಿ ಈ ವಾದಕ್ಕೆ ಉತ್ತರವಿಲ್ಲ. ನಾದಿರಾ ಆ ರಾತ್ರಿಯನ್ನು ತನ್ನ ಅಳತೆಯಿಂದ ಅಳೆಯುತ್ತಾಳೆ, ಮಸೀದಿಯ ಕೆರೆಗೆ ಇಳಿಯುತ್ತಾಳೆ. ಸುಲ್ತಾನನ ಒಂದು ಗಳಿಗೆ ನೂರು ವರ್ಷಕ್ಕಿಂತ ದೊಡ್ಡದಾಗುವುದಾದರೆ ನಾದಿರಾಳ ಒಂದು ರಾತ್ರಿ ಏಕೆ ಆಗಬಾರದು? ಕಾವೇರಿಯ ದಡದಲ್ಲಿ ಕೇಳಿದಾಗ ನಾವು ಮೆಚ್ಚಿ ತಲೆದೂಗುವ ಲೆಕ್ಕವನ್ನು ಚಂದ್ರಗಿರಿಯ ದಡದಲ್ಲಿ ಒಪ್ಪಲು ನಮ್ಮವರಿಗೆ ಕಷ್ಟವಾಯಿತು. ಲೇಖಕಿಯ ಮೇಲೆ ಎರಗಿದವರು ಇದನ್ನು ಯೋಚಿಸಿದ್ದರೆ ಚೆನ್ನಾಗಿತ್ತು. ಸಾರಾ ಅವರು 2023ರ ಜನವರಿಯಲ್ಲಿ ತೀರಿಕೊಂಡಾಗ ಬಂದ ಶ್ರದ್ಧಾಂಜಲಿಗಳಲ್ಲೂ ಧೈರ್ಯವಂತೆ ಎಂಬ ಪದವೇ ಹೆಚ್ಚು ಕಾಣಿಸಿತು, ಕಲೆಗಾರ್ತಿ ಎಂಬುದು ಕಡಿಮೆ.

ಕಲೆಯ ದೃಷ್ಟಿಯಿಂದ ನಮ್ಮದೊಂದು ಆಕ್ಷೇಪವೂ ಇದೆ. ತಲಾಖಿಗೂ ಆ ಕೊನೆಯ ರಾತ್ರಿಗೂ ನಡುವೆ, ತವರಿನಲ್ಲಿ ನಾದಿರಾ ಕಳೆದ ದಿನಗಳನ್ನು ಕಾದಂಬರಿ ಬೇಗ ಬೇಗ ದಾಟಿಸುತ್ತದೆ. ಏನೂ ನಡೆಯದ ದಿನಗಳವು. ಆದ್ದರಿಂದಲೇ ಬರೆಯಲು ಕಷ್ಟ. ಅಲ್ಲಿ ಇನ್ನೂ ಹತ್ತು ಪುಟ ನಿಂತಿದ್ದರೆ ಕೆರೆಯ ನೀರು ಇನ್ನೂ ತಣ್ಣಗೆ ತಾಗುತ್ತಿತ್ತು. ಅಪ್ಪನ ಮನಸ್ಸು ಕರಗುವುದಕ್ಕೂ ಕಾದಂಬರಿ ಸಾಕಷ್ಟು ಸಮಯ ಕೊಟ್ಟಿಲ್ಲ.

ಆ ಹತ್ತು ಪುಟಗಳನ್ನು ಬೇರೊಂದು ರೀತಿಯಲ್ಲಿ ಬರೆದವರು ಬಾನು ಮುಷ್ತಾಕ್. ಅವರ 'ಕರಿ ನಾಗರಗಳು' ಕತೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 2004ರಲ್ಲಿ 'ಹಸೀನಾ' ಚಿತ್ರ ಮಾಡಿದರು. 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಪಡೆದ, ದೀಪಾ ಭಾಸ್ತಿಯವರು ಅನುವಾದಿಸಿದ 'ಹಾರ್ಟ್ ಲ್ಯಾಂಪ್' ಸಂಕಲನದಲ್ಲೂ ಈ ಕತೆಯಿದೆ. ಪ್ರಶಸ್ತಿಯ ಗದ್ದಲದಲ್ಲಿ ಕತೆಯನ್ನು ಓದಿದವರಿಗಿಂತ ಅಭಿನಂದಿಸಿದವರೇ ಹೆಚ್ಚೆಂದು ಕಾಣುತ್ತದೆ. ಗಂಡ ಬಿಟ್ಟುಹೋದ ಆಶ್ರಫ್‌ಗೆ ಹೆಣ್ಣುಮಕ್ಕಳೇ ಹುಟ್ಟಿವೆ, ಕೂಸಿಗೆ ಕಾಯಿಲೆ. ನ್ಯಾಯ ಕೇಳಿ ಅವಳು ಮುತವಲ್ಲಿಯ ಬಳಿ ಹೋಗುತ್ತಾಳೆ. ಮುತವಲ್ಲಿ ಇಲ್ಲವೆನ್ನುವುದಿಲ್ಲ, ಮುಂದೂಡುತ್ತಾನೆ. ಅಧಿಕಾರ ಇರುವವರ ಭಾಷೆಯೇ ಇದು. ನಿರಾಕರಿಸಿದರೆ ಜಗಳವಾದೀತು, ಮುಂದೂಡಿದರೆ ಎದುರಿನವರು ತಾವಾಗಿಯೇ ಸವೆಯುತ್ತಾರೆ. ಕಚೇರಿಗಳ ಕಿಟಕಿಯಲ್ಲಿ, ಕೋರ್ಟಿನ ವಾಯಿದೆಯಲ್ಲಿ, ಜಮಾತಿನ ಬೈಠಕ್ಕಿನಲ್ಲಿ ಎಲ್ಲ ಕಡೆ ಇದೇ ನಡೆಯುತ್ತದೆ. ಕಾಲ ಒಬ್ಬರ ಕೈಯಲ್ಲಿ ಆಸ್ತಿ, ಇನ್ನೊಬ್ಬರ ತಲೆಯ ಮೇಲೆ ಹೊರೆ.

ಬಾನು ಅವರ ಕತೆಯ ಬಲವಿರುವುದು ಆಶ್ರಫ್ ಕಾಯುವ ಜಾಗವನ್ನು ಬದಲಿಸುವುದರಲ್ಲಿ. ಚಂಪಾವತಿ ಅಯೋಧ್ಯೆಯಲ್ಲಿ ಕಾದಳು, ನಾದಿರಾ ತವರಿನಲ್ಲಿ ಕಾದಳು. ಕಾಯಿಸಿದವರಿಗೆ ಅದು ಕಾಣಲಿಲ್ಲ. ಆಶ್ರಫ್ ಮಕ್ಕಳನ್ನು ಕಟ್ಟಿಕೊಂಡು ಮಸೀದಿಗೇ ಬಂದು ಕೂರುತ್ತಾಳೆ. ಅಲ್ಲಿಗೆ ಬರುವ ಗಂಡಸರೆಲ್ಲ ಈಗ ಅವಳ ಕಾಯುವಿಕೆಯನ್ನು ದಾಟಿಯೇ ಒಳಗೆ ಹೋಗಬೇಕು. ಕೂಸು ಉಳಿಯುವುದಿಲ್ಲ. ಕತೆ ಅಲ್ಲಿಗೆ ನಿಲ್ಲದೆ ಮುತವಲ್ಲಿಯ ಮನೆಯೊಳಗಿನ ಹೆಂಗಸರ ತನಕ ಹೋಗುತ್ತದೆ, ಆ ಭಾಗದ ಆವೇಶ ಕೆಲವರಿಗೆ ಹೆಚ್ಚೆನಿಸೀತು. ನಮಗೆ ಮರೆಯಲಾಗದ್ದು ಅವಳು ಕುಳಿತಿರುವ ಚಿತ್ರ.

ನಮ್ಮ ಮಸೀದಿಗಳ ಗೋಡೆಯ ಮೇಲೆ ಒಂದು ಹಲಗೆ ಇರುತ್ತದೆ. ಅದರಲ್ಲಿ ಗಡಿಯಾರದ ಮುಖಗಳನ್ನು ಬರೆದು, ಫಜ್ರ್, ಝುಹ್ರ್, ಅಸ್ರ್, ಮಗ್ರಿಬ್, ಇಶಾ, ಜುಮಾಗಳ ಜಮಾತ್ ಎಷ್ಟು ಹೊತ್ತಿಗೆ ಎಂದು ಮುಳ್ಳುಗಳನ್ನು ತಿರುಗಿಸಿಟ್ಟಿರುತ್ತಾರೆ. ಆ ಮುಳ್ಳುಗಳು ತಾವಾಗಿ ಚಲಿಸುವುದಿಲ್ಲ. ಹೊತ್ತು ಬದಲಾದ ಹಾಗೆ ಯಾರಾದರೂ ಬಂದು ತಿರುಗಿಸಬೇಕು. ಆಶ್ರಫ್ ಕತೆಯನ್ನು ಓದುವಾಗಲೆಲ್ಲ ನಾವು ಅವಳನ್ನು ಈ ಹಲಗೆಯ ಕೆಳಗೇ ಕೂರಿಸಿ ಓದುತ್ತೇವೆ. ಕತೆಯಲ್ಲಿ ಹಲಗೆಯ ಮಾತು ಬರುವುದಿಲ್ಲ.